ಬಾಲದ ಮೇಷ್ಟ್ರು ಬಾಯಿ ಮುಚ್ಚಿದ್ದು

ತಪ್ಪಾಯ್ತು ಎಂದು ಕನ್ನಡಿಯೆದುರು ಹೇಳಿ ನೋಡಿದಾಗಲೆಲ್ಲ ಆ ಮಾತಿನ ಬೆನ್ನಿಗೇ ‘ಯಾಕೆಂದರೆ’ ಅನ್ನುವುದೊಂದು ಅಂಟಿಕೊಂಡು ಬರುತ್ತಿತ್ತು. ಬಲಗೆನ್ನೆ ಹಲ್ಲಿನ ಬಾವಿನಿಂದ ಊದಿಕೊಂಡಿದ್ದರಿಂದ ರೇಜರನ್ನು ಆ ಕಡೆ ಒಯ್ಯಲು ಹೆದರಿ, ಎಡಗೆನ್ನೆಯನ್ನೇ ಮತ್ತೆ ಮತ್ತೆ ಕೆರೆಯುತ್ತ, ಬಚ್ಚಲುಮನೆಯ ಹೊರಗೆ ಕೇಳದ ಹಾಗೆ ಮೇಷ್ಟ್ರು ಇನ್ನೊಮ್ಮೆ ಹೇಳಿದರು: ತಪ್ಪಾಯ್ತಮ್ಮ, ಯಾಕೆಂದರೆ ಲೇಖನ ಅನ್ನುವುದು... ಥತ್. ಮತ್ತೆ: ತಪ್ಪಾಯ್ತಮ್ಮ, ಆದರೆ ವೈಜ್ಞಾನಿಕವಾಗಿ ನೋಡಿದರೆ... ಒಂದು ಆಯುಷ್ಯವಿಡೀ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ, ನಿವೃತ್ತಿಯಾದ ಮೇಲೆ ಭಾನುವಾರದ ಪುರವಣಿಯಲ್ಲಿ ಮನುಷ್ಯನ ಶರೀರದ ಬಗ್ಗೆ ಅಂಕಣ ಬರೆಯುತ್ತಿರುವ ಅವರಿಗೆ, ವಿವರಣೆಯಿಲ್ಲದ ಮಾತೆಂದರೆ ಚರ್ಮ ಸುಲಿದ ಕೈ ಇದ್ದಂತೆ; ಕೈಯೇ ಹೌದು, ಯಾರ ಮುಂದೆಯೂ ಚಾಚುವಂತಿಲ್ಲ. ಇದು ಹೆಂಡತಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನಿನ್ನೆ ಮಗಳ ಜೊತೆ ಫೋನಿನಲ್ಲಿ ಮಾತಾಡಿ ಬಂದವಳು, ಬಡಿಸುತ್ತ, ತಟ್ಟೆಯ ಕಡೆಗೇ ನೋಡುತ್ತ ಹೇಳಿದ್ದಳು:

“ನಾಳೆ ಬರಬಹುದಂತೆ. ಆದ್ರೆ ತಪ್ಪಾಯ್ತು ಅನ್ನಬೇಕಂತೆ. ಅಷ್ಟೇ ಅನ್ನಬೇಕಂತೆ. ಅದರ ಮುಂದೆ ಒಂದಕ್ಷರ ಸೇರಿಸಿದ್ರೂ ಎದ್ದು ಬಾಗಿಲು ತೋರಿಸ್ತಾಳಂತೆ.”

“ನಾನೇನು ಸೇರಿಸ್ತೀನಿ?”

“ನೋಡಿ, ಆಗ್ಲೇ ಶುರುವಾಯ್ತು.”

ಬಾಲದ ಮೇಷ್ಟ್ರು ಎಂಬ ಹೆಸರು ಅವರಿಗೆ ಬಂದದ್ದು ಮೊದಲನೆಯ ಅಂಕಣದಿಂದ. ಬೆನ್ನೆಲುಬಿನ ತುತ್ತತುದಿಯಲ್ಲಿ ಕೊಕ್ಕಿನ ಹಾಗೆ ಒಳಕ್ಕೆ ಬಾಗಿರುವ ಪುಟ್ಟ ಮೂಳೆ ಒಂದಾನೊಂದು ಕಾಲಕ್ಕೆ ಬಾಲದ ಬುಡವಾಗಿತ್ತು ಎಂದು ಬರೆಯಲು ಕೂತವರು, ಓದುಗರನ್ನು ಹಿಡಿದು ಕೂರಿಸಲು ಒಂದು ಜೀವಂತ ಉದಾಹರಣೆ ಇರಲಿ ಎಂದು, ಬಚ್ಚಲಲ್ಲಿ ಜಾರಿಬಿದ್ದು ಅದೇ ಮೂಳೆಗೆ ಪೆಟ್ಟು ಮಾಡಿಕೊಂಡು ನಡುವೆ ತೂತಿರುವ ದಿಂಬಿನ ಮೇಲೆ ಕೂರುತ್ತಿದ್ದ ಹೆಂಡತಿಯ ಅಣ್ಣನನ್ನು ಎತ್ತಿಕೊಂಡರು. ಹೆಸರು ಹಾಕಿರಲಿಲ್ಲ. ‘ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ನನ್ನ ಬಂಧುವೊಬ್ಬರು’ ಎಂದಷ್ಟೇ ಇತ್ತು. ಮಾರನೆಯ ದಿನ ಬ್ಯಾಂಕಿನಲ್ಲಿ ಜವಾನನಿಂದ ಹಿಡಿದು ಸಾಲ ಕೇಳಲು ಬಂದವರವರೆಗೆ ಎಲ್ಲರೂ ಬಾಲ ಹೇಗಿದೆ ಸಾರ್ ಎಂದು ವಿಚಾರಿಸಿಕೊಂಡರಂತೆ. ಆಮೇಲೆ ಕಿವಿಯ ಅಂಕಣ ಬಂತು. ಕಿವಿ ಅಲ್ಲಾಡಿಸುವ ಸ್ನಾಯುಗಳು ನಮಗೆ ಇನ್ನೂ ಇವೆ, ಆದರೆ ಕೆಲಸ ಮರೆತು ಪಿಂಚಣಿ ತಿನ್ನುತ್ತಿವೆ ಎಂದು ಬರೆದು, ಅವು ಇನ್ನೂ ನೌಕರಿಯಲ್ಲಿರುವ ಅಪರೂಪದ ಪ್ರಾಣಿಯಾಗಿ ಸ್ವಂತ ಅಳಿಯನನ್ನು ತೋರಿಸಿದರು. ಆ ಹುಡುಗ ಮದುವೆಗೆ ಮುಂಚೆ ಮಗಳನ್ನು ನಗಿಸಲು, ಅವಳಿಗೊಬ್ಬಳಿಗೇ ಎಂದು, ಕಿವಿ ಅಲ್ಲಾಡಿಸುತ್ತಿದ್ದನಂತೆ. ಈಗ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟಿದ್ದಾನೆ. ನೆಂಟರಿಷ್ಟರಲ್ಲಿ ಒಂದು ಹೊಸ ಎಚ್ಚರ ಹುಟ್ಟಿಕೊಂಡಿತು. ಮೇಷ್ಟ್ರ ಎದುರು ಯಾರೂ ಸೀನುತ್ತಿರಲಿಲ್ಲ. ಬಿಕ್ಕಳಿಕೆ ಬಂದವರು ಏನೋ ನೆನಪಾದ ಹಾಗೆ ಎದ್ದು ಹಿತ್ತಿಲಿಗೆ ಹೋಗುತ್ತಿದ್ದರು. ಮಂಡಿನೋವಿನವರು ಅವರ ಕಣ್ಣಳತೆಯಲ್ಲಿ ನೆಟ್ಟಗೆ ನಡೆದು, ಬೀದಿಯ ತಿರುವು ದಾಟಿದ ಮೇಲೆ ಕುಂಟುತ್ತಿದ್ದರು. ಪಿತ್ತಕೋಶದಲ್ಲಿ ಕಲ್ಲಾದದ್ದನ್ನು ಹೆಂಡತಿ ಆಪರೇಷನ್ನಿನ ಹಿಂದಿನ ದಿನದವರೆಗೂ ಬಾಯಿ ಬಿಟ್ಟು ಹೇಳಿರಲಿಲ್ಲ. ಮೇಷ್ಟ್ರು ಮಾತ್ರ ಇದನ್ನೆಲ್ಲ ಬೇರೆ ಥರ ಅರ್ಥ ಮಾಡಿಕೊಂಡಿದ್ದರು. ಅಂಕಣ ಶುರುವಾದ ಮೇಲೆ ನನ್ನೆದುರು ಎಲ್ಲರೂ ಎಷ್ಟು ನೆಟ್ಟಗೆ ಕೂರುತ್ತಾರೆ, ಅಕ್ಷರಕ್ಕೆ ಇರುವ ಗೌರವ ಅಂದರೆ ಇದು, ಎಂದು ಅವರಿಗೆ ಆಗಾಗ ಕಣ್ಣು ಒದ್ದೆಯಾಗುತ್ತಿತ್ತು.

ದೇವರನ್ನು ಅವರು ನಂಬುತ್ತಿರಲಿಲ್ಲ. ಆದರೆ ಬೈಯಲು ಒಬ್ಬರು ಬೇಕಲ್ಲ. ಅದಕ್ಕಾಗಿ ಅಂಕಣದಲ್ಲಿ ಒಬ್ಬ ಮೇಸ್ತ್ರಿಯನ್ನು ಇಟ್ಟುಕೊಂಡಿದ್ದರು. ಗಾಳಿಯ ದಾರಿಗೂ ಅನ್ನದ ದಾರಿಗೂ ಒಂದೇ ಬಾಯಿ ಇಡುವವನು ಎಂಥ ಮೇಸ್ತ್ರಿ? ನಾಲ್ಕು ಕಾಲಿಗೆ ಹಾಕಿದ ತೊಲೆಯನ್ನು ಎತ್ತಿ ಎರಡು ಕಾಲಿನ ಮೇಲೆ ಕಂಬದ ಹಾಗೆ ನಿಲ್ಲಿಸಿ, ಆಮೇಲೆ ಸೊಂಟನೋವು ಎಂದರೆ ಕೇಳಿಸದವನಂತೆ ಇರುವವನು ಎಂಥ ಮೇಸ್ತ್ರಿ? ದವಡೆ ಸಣ್ಣದು ಮಾಡಿ ಹಲ್ಲಿನ ಲೆಕ್ಕ ಕಡಿಮೆ ಮಾಡಲು ಮರೆತವನು? ಹೀಗೆ ಬರೆದ ಸಾಲುಗಳನ್ನು ಗಟ್ಟಿಯಾಗಿ ಓದಿ ತಾವೇ ನಗುವಾಗ, ಒಳಗೆ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಹೆಂಡತಿ ಒಂದು ಸಲ ಅಂದಿದ್ದಳು: “ನಾನು ದಿನಕ್ಕೆ ಎರಡು ಸಲ ಅವನನ್ನ ನೆನೆಸ್ತೀನಿ. ನೀವು ಬೆಳಗಿಂದ ಸಂಜೆವರೆಗೂ ಅವನದೇ ಧ್ಯಾನ. ಪುಣ್ಯ ಯಾರಿಗೆ ಹೆಚ್ಚು ಅಂತ ಅವನೇ ಹೇಳಬೇಕು.” ಆ ಮಾತನ್ನು ಮೇಷ್ಟ್ರು ಮುಂದಿನ ಅಂಕಣಕ್ಕೆ ಹಾಕಿಕೊಂಡರು. ಒಳ್ಳೆಯ ಮಾತು ಎಲ್ಲಿ ಸಿಕ್ಕರೂ ಅವರು ಬಿಡುತ್ತಿರಲಿಲ್ಲ. ಮಾತು ಆಡಿದವರು ಆಮೇಲೆ ಏನಾದರು ಎಂದು ತಿರುಗಿ ನೋಡುತ್ತಲೂ ಇರಲಿಲ್ಲ.

“ಬಾಯಿ ದೊಡ್ಡದಾಗಿ ತೆಗೀರಿ ಸಾರ್. ಇನ್ನೂ ದೊಡ್ಡದು. ಅಷ್ಟು ವರ್ಷ ಪಾಠ ಮಾಡಿದ ಬಾಯಿ ಇಷ್ಟೇನಾ?”

ಹಲ್ಲಿನ ಡಾಕ್ಟರಮ್ಮನಿಗೆ ಮಗಳದೇ ವಯಸ್ಸಿರಬೇಕು. ಮೂಗಿನ ತನಕ ಮುಖಗವಸು, ಅದರ ಮೇಲೆ ನಗುತ್ತಲೇ ಇರುವ ಕಣ್ಣು. ಕುರ್ಚಿ ಹಿಂದಕ್ಕೆ ಬಾಗುತ್ತ ಹೋಗಿ, ಕಾಲು ತಲೆಗಿಂತ ಮೇಲಾಯಿತೇನೋ ಎಂಬ ಅನುಮಾನ ಮೇಷ್ಟ್ರಿಗೆ. ಸೂಜಿ ದವಡೆಯ ಹಿಂದುಗಡೆ ಎಲ್ಲೋ ಇಳಿಯಿತು. ಇವತ್ತೇ ಯಾಕೆ ಬಂದೆ? ಹಲ್ಲು ಹದಿನೈದು ದಿನದಿಂದ ನೋಯುತ್ತಿತ್ತು; ಹದಿನೈದು ದಿನ ಲವಂಗ ಕಚ್ಚಿಕೊಂಡು ತಳ್ಳಿದವರು, ನಿನ್ನೆ ಮಗಳು ಬರಲಿ ಅಂದಳು ಎಂದು ಕೇಳಿದ ಮೇಲೆಯೇ ಕೈ ತೊಳೆದು ಇಲ್ಲಿಗೆ ಫೋನು ಮಾಡಿದ್ದರು. ನೋವು ತಡೆಯಲಾಗಲಿಲ್ಲ ಎಂದು ಹೆಂಡತಿಗೆ ಹೇಳಿದ್ದರು. ಅದು ಸುಳ್ಳಲ್ಲ. ಆದರೆ ನಿಜ ಎಂದು ಹೇಳಲು ಅದಕ್ಕೆ ಇನ್ನೇನೋ ಕಡಿಮೆಯಿತ್ತು. ತುಟಿಯ ಬಲಭಾಗ ಮೊದಲು ಜುಮ್ಮೆಂದು, ಆಮೇಲೆ ದಪ್ಪವಾಗಿ, ಆಮೇಲೆ ಇಲ್ಲವೇ ಇಲ್ಲವಾಯಿತು.

“ನಿಮ್ಮ ಅಂಕಣ ನಾನು ಒಂದೂ ಬಿಡಲ್ಲ ಸಾರ್. ಬುದ್ಧಿಹಲ್ಲಿನ ಬಗ್ಗೆ ಬರೆದಿದ್ರಲ್ಲ, ಬೇಯಿಸಿ ತಿನ್ನೋದು ಕಲಿತ ಮೇಲೆ ದವಡೆ ಕುಗ್ಗಿತು, ಜಾಗ ಸಾಲದೆ ಕೊನೇ ಹಲ್ಲು ಬಾಗಿಲಲ್ಲಿ ನಿಂತ ನೆಂಟನ ಥರ ಅಡ್ಡಡ್ಡ ನಿಲ್ಲುತ್ತೆ ಅಂತ. ಅದನ್ನ ಕತ್ತರಿಸಿ ಹೊರಗೆ ಅಂಟಿಸಿದೀನಿ, ನೋಡಿದ್ರಾ? ನಿಮ್ಮ ನೆಂಟ ಅಂತೂ ಪೂರ್ತಿ ಮಲಗೇಬಿಟ್ಟಿದ್ದಾನೆ. ಎಬ್ಬಿಸಬೇಕು.”

ಮೇಷ್ಟ್ರು ಸಂತೋಷಪಟ್ಟರು. ಬಾಯಿ ತೆರೆದು ಜೊಲ್ಲು ಸುರಿಸುತ್ತ ಮಲಗಿರುವಾಗಲೂ ಹೊಗಳಿಕೆ ನೇರವಾಗಿ ಹೋಗಿ ತಲುಪುವ ಜಾಗವೊಂದು ಶರೀರದಲ್ಲಿ ಇದೆ, ಅದು ಎಲ್ಲಿದೆ ಎಂದು ಯಾವ ಅಂಗರಚನೆಯ ಪುಸ್ತಕದಲ್ಲೂ ಬರೆದಿಲ್ಲ ಎಂದುಕೊಂಡರು. ಇದನ್ನು ಬರೆಯಬೇಕು.

“ಆದ್ರೆ ಎಲ್ಲಕ್ಕಿಂತ ಆ ಹೆರಿಗೆಯದು ಸಾರ್. ‘ಇಕ್ಕಟ್ಟಿನ ಬಾಗಿಲು.’ ನಮ್ಮಕ್ಕ ಓದಿ ಅತ್ತೇಬಿಟ್ಟಳು. ಎದ್ದು ನಿಂತಿದ್ದಕ್ಕೆ ಸೊಂಟದ ಮೂಳೆ ಬೇರೆ ಆಕಾರ ಆಯ್ತು, ಅಷ್ಟರಲ್ಲಿ ತಲೆ ದೊಡ್ಡದಾಯ್ತು, ಮಗು ತಿರುಗಿ ತಿರುಗಿ ಬರಬೇಕು, ತಾಯಿಗೆ ಬೆನ್ನು ಮಾಡಿಕೊಂಡು ಬರುತ್ತೆ, ತಾಯಿ ತಾನೇ ಎಳೆದುಕೊಳ್ಳೋ ಹಾಗಿಲ್ಲ, ಅದಕ್ಕೇ ಆ ಹೊತ್ತಲ್ಲಿ ಇನ್ನೊಬ್ಬರನ್ನ ಕರೆಯೋ ಪ್ರಾಣಿ ಮನುಷ್ಯಳೊಬ್ಬಳೇ ಅಂತ. ಆಹಾ. ಆಮೇಲೆ ಆ ಕೂಗು! ಬಾಯಿಪಾಠ ಬರುತ್ತೆ ನಂಗೆ. ‘ಮುಚ್ಚಿದ ಬಾಗಿಲಿನಾಚೆಯಿಂದ ಬಂದ ಆ ಕೂಗು ಯಾರನ್ನೂ ಕರೆಯುತ್ತಿರಲಿಲ್ಲ. ಅದು ಹೆಸರುಗಳಿಗಿಂತ ಹಳೆಯದು, ಮಾತಿಗಿಂತ ಹಳೆಯದು.’ ನಮ್ಮಕ್ಕ ಮಾತ್ರ, ನಾನು ಕೂಗಿದ್ದು ಅತ್ತೆ ಹೆಸರು ಹಿಡಿದೇ, ಬೈಯೋದಕ್ಕೆ, ಅಂದ್ಳು. ಅಲ್ಲಾಡಬೇಡಿ ಸಾರ್. ಆ ಹುಡುಗಿ ನಿಮ್ಮ ಪೈಕಿಯವರಾ, ಸುಮ್ನೆ ಬರವಣಿಗೆಗೆ ಮಾಡಿಕೊಂಡಿದ್ದಾ?”

“ಆಂ,” ಎಂದರು ಮೇಷ್ಟ್ರು.

“ಹೌದಾ? ಅಲ್ವಾ? ಹೋಗ್ಲಿ ಬಿಡಿ, ಬಾಯಿ ಮುಚ್ಚಬೇಡಿ.”

ಇಕ್ಕಳದಂಥದ್ದೇನೋ ಒಳಗೆ ಹೋಯಿತು. ನೋವಿರಲಿಲ್ಲ, ಪಕ್ಕದ ಮನೆಯಲ್ಲಿ ಗೋಡೆ ಒಡೆಯುತ್ತಿರುವ ಹಾಗೆ ಬರೀ ಸದ್ದು, ಅದುರು. ಮಗಳ ಹೆರಿಗೆಯ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿಯೂ ಹೀಗೇ, ಗೋಡೆಯಾಚೆ ಏನೋ ನಡೆಯುತ್ತಿತ್ತು, ಇತ್ತ ಬೆಂಚಿನ ಮೇಲೆ ಅವರೊಬ್ಬರೇ. ಅಳಿಯ ಬೇರೆ ಊರಿನಿಂದ ಹೊರಟು ರೈಲಿನಲ್ಲಿದ್ದ. ರಾತ್ರಿಯೆಲ್ಲ ಮಗಳ ಸೊಂಟ ನೀವಿದ ಹೆಂಡತಿ, ಇನ್ನೂ ಹೊತ್ತಿದೆ ಎಂದು ಡಾಕ್ಟರು ಹೇಳಿದ್ದನ್ನು ನಂಬಿ, ಸ್ನಾನ ಮಾಡಿ ಬರಲು ಮನೆಗೆ ಹೋಗಿದ್ದಳು. ಅವಳು ಹೋಗಿದ್ದೇ ತಡ ಹೊತ್ತು ಬಂದುಬಿಟ್ಟಿತು. ಟ್ಯೂಬ್‌ಲೈಟಿನ ಹಸಿರು ಬೆಳಕು, ತಳ ಸವೆದ ಚಪ್ಪಲಿಗಳ ಓಡಾಟ, ಫಿನಾಯಿಲಿನ ವಾಸನೆ. ಮೇಷ್ಟ್ರು ಫೋನು ತೆಗೆದು, ಮರೆತುಹೋಗಬಾರದು ಎಂದು, ಒಂದೇ ಬೆರಳಿನಿಂದ ಬರೆಯುತ್ತಿದ್ದರು. ಸಂಪಾದಕ ವಾರದಿಂದ ಕಾಡುತ್ತಿದ್ದ: ‘ಮೇಷ್ಟ್ರೇ, ಮಾಹಿತಿ ಸಾಕು, ಸ್ವಲ್ಪ ಮನುಷ್ಯರನ್ನ ತನ್ನಿ.’ ಸೊಂಟದ ಮೂಳೆಯ ಆ ಕಿರಿದಾದ ದಾರಿಗೆ ಒಂದು ವಿಶೇಷಣ ಬೇಕಿತ್ತು. ಕ್ರೂರ? ಅದು ಎಲ್ಲರೂ ಬರೆಯುವುದು. ಜಿಪುಣ? ಜಿಪುಣ ದಾರಿ, ಪರವಾಗಿಲ್ಲ. ಆಗ ಕೂಗು ಬಂತು. ಅಪ್ಪಾ, ಎಂದು ಬಂತು. ಸ್ಪಷ್ಟವಾಗಿ ಬಂತು. ಬಾಗಿಲು ತೆರೆದು ನರ್ಸು ಹೊರಗೆ ಬಂದು, “ನಿಮ್ಮನ್ನೇ ಕರೀತಿದ್ದಾರೆ. ಒಬ್ಬರು ಜೊತೆಗಿರಬಹುದು. ಬರ್ತೀರಾ?” ಎಂದಳು. “ಬಂದೆ, ಒಂದೇ ನಿಮಿಷ,” ಎಂದರು ಮೇಷ್ಟ್ರು. ನಿಜವಾಗಿಯೂ ಎದ್ದರು ಕೂಡ. ಎದ್ದು ನಿಂತುಕೊಂಡೇ, ವಾಕ್ಯ ಅರ್ಧಕ್ಕೆ ಬಿಟ್ಟರೆ ತಪ್ಪಿಹೋಗುತ್ತದೆಂದು, ಮುಗಿಸಿದರು. ಒಳ್ಳೆಯ ವಾಕ್ಯ. ಮುಗಿಸಿ ತಲೆ ಎತ್ತಿದಾಗ ಬಾಗಿಲು ಮುಚ್ಚಿತ್ತು. ತಟ್ಟಲು ಕೈ ಎತ್ತಿದರು. ಒಳಗಿನಿಂದ ಮಗುವಿನ ಅಳು ಕೇಳಿಸಿತು.

“ಬಂತು ನೋಡಿ!” ಎಂದಳು ಡಾಕ್ಟರಮ್ಮ. ಬೇರು ಸೊಟ್ಟಗಾದ ಹಲ್ಲನ್ನು ಬೆಳಕಿಗೆ ಹಿಡಿದು, ಹೆರಿಗೆ ಮಾಡಿಸಿದವಳ ಸಂಭ್ರಮದಲ್ಲಿ ತೋರಿಸಿದಳು. “ಸುಖಪ್ರಸವ.”

ಹೆರಿಗೆಯಾದ ಮೇಲೆ ಹೆಂಡತಿಗೂ ಮಗಳಿಗೂ ಅವರು ಹೇಳಿದ್ದು, ಕಾಫಿ ಕುಡಿಯಲು ಕೆಳಗೆ ಹೋಗಿದ್ದೆ ಎಂದು. ಯಾರಾದರೂ ಕೇಳುವ ಮುಂಚೆಯೇ ಹೇಳಿದ್ದರು. ಆದರೆ ಭಾನುವಾರ ಅಂಕಣ ಬಂತು, ಅದರಲ್ಲಿ ಹಸಿರು ಬೆಳಕು ಬಂತು, ಮುಚ್ಚಿದ ಬಾಗಿಲು ಬಂತು, ಕೂಗು ಬಂತು. ಸುಳ್ಳನ್ನು ಉಳಿಸಿಕೊಳ್ಳಬೇಕೆಂದರೆ ಆ ಪ್ಯಾರಾ ತೆಗೆಯಬೇಕಿತ್ತು. ತೆಗೆಯಲು ಮನಸ್ಸಾಗಲಿಲ್ಲ; ಇಡೀ ಲೇಖನದಲ್ಲಿ ಉಸಿರಾಡುತ್ತಿದ್ದ ಪ್ಯಾರಾ ಅದೊಂದೇ. ಅಪ್ಪಾ ಎಂಬುದನ್ನು ಮಾತ್ರ ತೆಗೆದು ಅಲ್ಲಿ ಮಾತಿಗಿಂತ ಹಳೆಯ ಕೂಗನ್ನು ಇಟ್ಟರು. ಅಂಥದೊಂದು ಕೂಗಿಗೆ ಯಾರೂ ಓಗೊಡಬೇಕಾಗಿಲ್ಲವಲ್ಲ. ಅವತ್ತು ಸಂಜೆ ಮಗಳು ಫೋನು ಮಾಡಿ, ಇನ್ನು ನಮ್ಮ ಮನೆಗೆ ಬರಬೇಡಿ, ಎಂದಳು. ಮಗುವಿನ ತಲೆ ‘ಇಕ್ಕಟ್ಟಿನಲ್ಲಿ ಒತ್ತಿ ಸೋರೆಕಾಯಿಯಂತೆ ಉದ್ದವಾಗಿತ್ತು’ ಎಂದು ಬರೆದದ್ದಕ್ಕೇ ಅವಳಿಗೆ ಕೋಪ ಎಂದು ಹೆಂಡತಿ ತಿಳಿದಳು. ಮೇಷ್ಟ್ರೂ ಹಾಗೇ ತಿಳಿಯಲು ತೀರ್ಮಾನಿಸಿದರು. ಮೂರು ತಿಂಗಳಾಯಿತು. ಮಗುವಿನ ಕತ್ತು ನಿಂತಿದೆಯಂತೆ. ತಲೆ ಗುಂಡಗಾಗಿದೆಯಂತೆ. ಯಾವ ತಿಂಗಳಿಗೆ ಯಾವುದು ಎಂದು ಪುಸ್ತಕದಿಂದ ಬಲ್ಲ ತಾತ, ಆ ‘ಅಂತೆ’ಗಳನ್ನು ಹೆಂಡತಿಯ ಬಾಯಿಂದ ಕೇಳಿ, ಸರಿಯಾಗಿದೆ, ಸರಿಯಾದ ಹೊತ್ತಿಗೇ ಆಗಿದೆ, ಎಂದು ತಲೆಯಾಡಿಸುತ್ತಿದ್ದರು.

“ಹತ್ತಿ ಗಟ್ಟಿಯಾಗಿ ಕಚ್ಚಿಕೊಂಡಿರಿ. ಉಗಿಯೋದು ಬೇಡ. ಮಾತಂತೂ ಬೇಡವೇ ಬೇಡ, ರಕ್ತ ನಿಲ್ಲಲ್ಲ. ಊಟದ ಹೊತ್ತು ಕಳೆಯೋವರೆಗೆ ಮೌನ ಅಂದ್ಕೊಳ್ಳಿ,” ಎಂದು ಡಾಕ್ಟರಮ್ಮ, ಹೊರಗೆ ಕೂತಿದ್ದ ಹೆಂಡತಿಗೂ ಕೇಳುವಂತೆ ಹೇಳಿದಳು. ಹೆಂಡತಿ ಎದ್ದು ಬಂದು ಅವರ ಮುಖ ನೋಡಿದಳು. ಬಲಗಡೆ ತುಟಿ ಜೋತುಬಿದ್ದಿತ್ತು. ಎಡಗಡೆಯದು, ಅದರ ಪರವಾಗಿಯೂ ಸೇರಿಸಿ, ಗಂಭೀರವಾಗಿತ್ತು.

“ಇವತ್ತೇ ಕೀಳಿಸ್ಕೋಬೇಕಿತ್ತಾ?”

ಮೇಷ್ಟ್ರು ಕೈಯಿಂದ ಕೆನ್ನೆಯನ್ನು ತೋರಿಸಿ, ಆಕಾಶ ತೋರಿಸಿ, ಎರಡೂ ಕೈ ಚೆಲ್ಲಿದರು.

“ಸಾಕು. ಕಣ್ಣು ನೋಡಿದ್ರೇ ಗೊತ್ತಾಗುತ್ತೆ. ಒಳಗೊಳಗೇ ಖುಷಿ ಇದೆ ನಿಮಗೆ.”

ಖುಷಿ ಇತ್ತು. ಅದನ್ನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಒಪ್ಪಿಕೊಂಡರು. ರಜೆ ಸಿಕ್ಕ ಹುಡುಗನ ಖುಷಿ. ತಪ್ಪಾಯ್ತು ಎನ್ನುವ ಹಾಗಿಲ್ಲ, ಯಾಕೆಂದರೆ ಅನ್ನುವ ಹಾಗೂ ಇಲ್ಲ. ಎರಡೂ ಹತ್ತಿಯ ಹಿಂದೆ ಕೂತಿವೆ. ಹೋಗುವುದು, ಒದ್ದೆ ಕಣ್ಣು ಮಾಡಿಕೊಂಡು ಕೂರುವುದು, ಮಗುವನ್ನು ನೋಡುವುದು, ಬರುವುದು. ಕಿಟಕಿಯ ಗಾಜಿನಲ್ಲಿ ಅವರ ಮುಖದ ಅರ್ಧ ಭಾಗ ಯಾರದೋ ಆಗಿತ್ತು. ಮುಟ್ಟಿ ನೋಡಿದರೆ ಬೆರಳಿಗೆ ಗಲ್ಲ ಸಿಗುತ್ತಿತ್ತು, ಗಲ್ಲಕ್ಕೆ ಬೆರಳು ಸಿಗುತ್ತಿರಲಿಲ್ಲ. ಆಹಾ. ‘ಗಲ್ಲಕ್ಕೆ ಬೆರಳು ಸಿಗುತ್ತಿರಲಿಲ್ಲ.’ ಒಂದು ನರವನ್ನು ಮಲಗಿಸಿದರೆ ಸಾಕು, ಮನುಷ್ಯ ತನಗೆ ತಾನೇ ನೆಂಟನಾಗಿಬಿಡುತ್ತಾನೆ ಎಂದು ಮುಂದಿನ ವಾಕ್ಯ ತಾನಾಗಿ ಬಂದು ನಿಂತಿತು. ಫೋನಿಗಾಗಿ ಜೇಬಿಗೆ ಕೈ ಹೋಯಿತು. ಪಕ್ಕದಲ್ಲಿ ಹೆಂಡತಿ ಆ ಕೈಯನ್ನು ನೋಡಿದಳು. ಕೈ, ಕರವಸ್ತ್ರಕ್ಕೆಂದೇ ಹೋಗಿತ್ತು ಎಂಬಂತೆ, ಕರವಸ್ತ್ರ ತೆಗೆದು ಗಲ್ಲ ಒರೆಸಿತು. ಮುಂದಿನ ಸೀಟಿನಲ್ಲಿದ್ದ ಒಬ್ಬ ಗೃಹಸ್ಥ ತಿರುಗಿ ಬಹಳ ಹೊತ್ತು ನೋಡಿ, “ನೀವು ಬಾಲದವರಲ್ವಾ? ಪೇಪರಿನಲ್ಲಿ ಫೋಟೋ ನೋಡ್ತೀನಿ,” ಎಂದ. ಮೇಷ್ಟ್ರು ನಗಲು ಹೋದರು. ನಗು ಅರ್ಧವೇ ಬಂತು, ಜೊತೆಗೆ ಕೆಂಪು ಜೊಲ್ಲಿನ ಒಂದು ಎಳೆ. ಗೃಹಸ್ಥ ಹೆಂಡತಿಯ ಕಡೆ ತಿರುಗಿ, “ಪಾರ್ಶ್ವವಾಯುವಾ? ಯಾವಾಗ ಆಯ್ತಮ್ಮ? ಅಯ್ಯೋ, ಎಷ್ಟು ಚೆನ್ನಾಗಿ ಬರೀತಿದ್ರು,” ಎಂದು ಮರುಗಿದ. ಹೆಂಡತಿ ತಿದ್ದಲಿಲ್ಲ. “ಹೌದು, ಬರೀತಿದ್ರು,” ಎಂದಳು.

ಬಾಗಿಲು ತೆಗೆದವನು ಅಳಿಯ. ಕಿವಿ ಕಾಣಲಿಲ್ಲ. “ಬನ್ನಿ ಮಾವ,” ಎಂದು ಚಪ್ಪಲಿಗೆ ಜಾಗ ಮಾಡಿಕೊಟ್ಟು, ತನ್ನ ಪಾಲಿನ ಮಾತು ಮುಗಿಯಿತೆಂಬಂತೆ ಅಡುಗೆಮನೆಗೆ ಹೋದ. ಮುಂದಿನ ಕೋಣೆಯಲ್ಲಿ ಕುರ್ಚಿಯ ಬೆನ್ನಿನ ಮೇಲೆಲ್ಲ ಸಣ್ಣ ಸಣ್ಣ ಬಟ್ಟೆ ಒಣಗುತ್ತಿತ್ತು. ಮಗಳು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹೆಗಲ ಮೇಲೆ ಮಗು. ಅದರ ಮುಖ ಅತ್ತ ಕಡೆಗಿತ್ತು; ಇತ್ತ ಕಾಣುತ್ತಿದ್ದದ್ದು ಗುಂಡನೆಯ ತಲೆಯ ಹಿಂಭಾಗ, ಮಲಗಿ ಮಲಗಿ ಕೂದಲುದುರಿದ ಒಂದು ಬಟ್ಟಲಿನಷ್ಟು ಜಾಗ. ಮೇಷ್ಟ್ರ ಎದೆಯಲ್ಲಿ ಏನೋ ಒಂದು ಸುಮ್ಮನೆ ಕೆಳಕ್ಕೆ ಇಳಿಯಿತು. ಅದಕ್ಕೆ ಅವರಲ್ಲಿ ಹೆಸರಿರಲಿಲ್ಲ.

“ಹಲ್ಲು ಕೀಳಿಸ್ಕೊಂಡು ಬಂದಿದ್ದಾರೆ ಕಣೇ,” ಎಂದಳು ಹೆಂಡತಿ, ತನ್ನದೇ ತಪ್ಪೆಂಬ ಧ್ವನಿಯಲ್ಲಿ. “ಬಾಯಲ್ಲಿ ಹತ್ತಿ ಇದೆ. ಮಾತಾಡೋ ಹಾಗಿಲ್ಲ.”

ಮಗಳು ಒಂದು ಸಲ ನಕ್ಕಳು, ಮೂಗಿನಿಂದ ಮಾತ್ರ. “ತಪ್ಪಾಯ್ತು ಅನ್ನಿ ಅಂದ್ರೆ ಬಾಯಿ ಹೊಲಿಸ್ಕೊಂಡೇ ಬಂದುಬಿಟ್ರಾ?”

ಹುಟ್ಟಿದಾಗಿನಿಂದ ಅವಳು ಅವರನ್ನು ನೀನು ಎಂದೇ ಕರೆದವಳು. ಫೋನಿನಲ್ಲಿ ಅಂದ ಬಹುವಚನ ಸಿಟ್ಟಿನದು, ಇಳಿಯುತ್ತದೆ, ಎಂದು ಮೇಷ್ಟ್ರು ಸಮಾಧಾನ ಹೇಳಿಕೊಂಡಿದ್ದರು. ಈಗ ಅದು ಮನೆಯಲ್ಲಿ ವಾಸಕ್ಕೇ ಬಂದಿತ್ತು.

“ಒಳ್ಳೇದೇ ಆಯ್ತು, ಕೂತ್ಕೊಳ್ಳಿ,” ಎಂದಳು. ಕುರ್ಚಿಯ ಮೇಲಿನ ಬಟ್ಟೆ ತೆಗೆದು ಜಾಗ ಮಾಡಿದಳು. ತಾನು ಎದುರಿಗೆ, ಮಗುವಿನ ಬೆನ್ನು ತಟ್ಟುತ್ತ, ನಿಂತೇ ಇದ್ದಳು. “ಸೋರೆಕಾಯಿ ಅಂದ್ರಿ. ಅಮ್ಮ ಅಂದುಕೊಂಡಿದ್ದಾಳೆ ಅದಕ್ಕೇ ನಂಗೆ ಸಿಟ್ಟು ಅಂತ. ಅಲ್ಲ. ಸೋರೆಕಾಯಿ ಥರಾನೇ ಇತ್ತು, ನಾನೇ ನೋಡಿ ನಕ್ಕಿದ್ದೆ. ನನ್ನ ಸೊಂಟದ ಅಳತೆ ಊರಿಗೆಲ್ಲ ಹೇಳಿದ್ರಿ, ಅದೂ ಹೋಗ್ಲಿ. ಓದಿದವರು ಇಲ್ಲಿಗೇ ಬಂದು, ಎಷ್ಟು ಚೆನ್ನಾಗಿ ಬರೆದಿದ್ದಾರಮ್ಮ ನಿಮ್ಮಪ್ಪ, ಅಂದ್ರು. ನೀವು ಮಾತ್ರ ಒಂದು ಸಲಾನೂ ಬಂದು ನೋವಾಯ್ತೇನೇ ಅಂತ ಕೇಳಲಿಲ್ಲ. ನೋವು ಯಾಕಾಗುತ್ತೆ ಅಂತ ಬರೆದ್ರಿ.”

ಹತ್ತಿಯ ಹಿಂದೆ ಮೇಷ್ಟ್ರ ನಾಲಿಗೆ ಎದ್ದಿತು. ಹಾಗಲ್ಲಮ್ಮ, ಒಬ್ಬಳ ನೋವನ್ನು ಎಲ್ಲರ ನೋವಾಗಿ ನೋಡಿದಾಗ... ನಾಲಿಗೆಯ ಅರ್ಧ ಮಾತ್ರ ಎದ್ದಿತ್ತು. ಉಳಿದರ್ಧ ಮಲಗೇ ಇತ್ತು. ಬಾಯೊಳಗೆ ಉಪ್ಪು ರುಚಿ.

“ಏನೋ ಹೇಳೋಕೆ ಹೊರಟ್ರಿ. ಬೇಡ. ನಾನೊಂದು ಕೇಳ್ತೀನಿ, ಅದಕ್ಕೆ ಮಾತೇನೂ ಬೇಕಾಗಿಲ್ಲ.” ಮಗು ಕೊಸರಿತು. ಅದನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. “ಕಾಫಿಗೆ ಹೋಗಿದ್ದೆ ಅಂದ್ರಿ. ನಾನು ನಂಬಿದ್ದೆ. ಪಾಪ, ಅಪ್ಪ ಕೆಳಗೆ ಹೋಗಿದ್ದಾಗ ನಾನು ಕರೆದೆ, ಅವರಿಗೆ ಹೇಗೆ ಗೊತ್ತಾಗಬೇಕು ಅಂತ. ಆಮೇಲೆ ಭಾನುವಾರ ಓದ್ತೀನಿ, ಬಾಗಿಲ ಹೊರಗೇ ಕೂತಿದ್ದೀರಿ. ಲೈಟು ಯಾವ ಬಣ್ಣ ಅಂತಾನೂ ಇದೆ. ನಾನು ಯಾರನ್ನೂ ಕರೀತಿರಲಿಲ್ಲವಂತೆ. ನಾನು ಅಪ್ಪಾ ಅಂತ ಕೂಗಿದೆ. ನರ್ಸಮ್ಮಂಗೆ, ನಮ್ಮಪ್ಪನ್ನ ಕರೀರಿ, ನಂಗೆ ಹೆದರಿಕೆ ಆಗ್ತಿದೆ, ಅಂದೆ. ಅವಳು ಹೋಗಿ ಬಂದು, ಬರ್ತಾರಂತೆ, ಅಂದ್ಳು. ನಾನು ಬಾಗಿಲು ನೋಡ್ತಾ ಇದ್ದೆ. ಅವಳು ಬಂದು ಹೇಳಿದ್ಲಾ ನಿಮಗೆ? ಇಲ್ಲ, ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದ್ಲಾ? ಅವಳು ಹೇಳಿದ್ದು ಹೌದಾ, ಅಲ್ವಾ? ಅಷ್ಟೇ.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. ಆ ನರ್ಸು ಯಾರೋ, ಎಲ್ಲಿಯವಳೋ. ಇಲ್ಲಿಗೆ ಬಂದು ಸಾಕ್ಷಿ ಹೇಳುವವಳಲ್ಲ. ಹೊಟ್ಟೆಪಾಡಿಗೆ ದಿನಕ್ಕೆ ಎಷ್ಟೋ ಜನರನ್ನು ಸಮಾಧಾನ ಮಾಡುವವಳ ತಲೆಯ ಮೇಲೆ ಒಂದು ಸಣ್ಣ ಸುಳ್ಳು ಹೊರಿಸಿದರೆ ಅವಳಿಗೆ ಅದು ಗೊತ್ತೂ ಆಗುವುದಿಲ್ಲ. ಮೇಷ್ಟ್ರು ಒಂದು ಸಲ ಕತ್ತಿನ ಬಗ್ಗೆ ಬರೆದಿದ್ದರು. ತಲೆಬುರುಡೆ ಮೊದಲನೆಯ ಮೂಳೆಯ ಮೇಲೆ ಕೂತಿರುವ ಕೀಲಿನಲ್ಲಿ ಹೌದು ಇದೆ, ಆ ಮೂಳೆ ಎರಡನೆಯದರ ಮೇಲೆ ತಿರುಗುವ ಕೀಲಿನಲ್ಲಿ ಇಲ್ಲ ಇದೆ. ಒಂದರ ಕೆಳಗೊಂದು, ನಡುವೆ ಬೆರಳಿನಷ್ಟೂ ಅಂತರವಿಲ್ಲ. ಎಂಥ ಮೇಸ್ತ್ರಿ ಹೌದು ಇಲ್ಲಗಳನ್ನು ಇಷ್ಟು ಪಕ್ಕಪಕ್ಕದಲ್ಲಿ ಇಡುತ್ತಾನೆ, ಎಂದು ನಗೆಯಾಡಿದ್ದರು. ಈಗ ಆ ಎರಡು ಕೀಲುಗಳೂ ತಮ್ಮ ಕತ್ತಿನಲ್ಲಿ ಬೇರೆ ಬೇರೆಯಾಗಿ ಕಾಯುತ್ತಿರುವುದು ಅವರಿಗೆ ತಿಳಿಯಿತು. ಮಾತು ಇದ್ದಿದ್ದರೆ ಹೌದು ಮತ್ತು ಇಲ್ಲದ ನಡುವೆ ಅವರು ಒಂದು ಊರನ್ನೇ ಕಟ್ಟುತ್ತಿದ್ದರು, ಅದರಲ್ಲಿ ಬೀದಿ ಬಿಡುತ್ತಿದ್ದರು, ಮಗಳನ್ನು ಕೈಹಿಡಿದು ಅಲ್ಲೆಲ್ಲ ಸುತ್ತಾಡಿಸಿ ಸುಸ್ತು ಮಾಡಿಸಿ ಮನೆಗೆ ಕರೆತರುತ್ತಿದ್ದರು. ಬಾಯಿ ತುಂಬ ಹತ್ತಿ. ಎದುರಿಗೆ ಮಗಳು. ಅವಳ ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಮೂರು ತಿಂಗಳಿನಿಂದ ಅವಳೂ ಆ ಬಾಗಿಲನ್ನೇ ನೋಡುತ್ತಿದ್ದಾಳೆ.

ಮೇಷ್ಟ್ರ ತಲೆ ಒಂದು ಸಲ ಕೆಳಕ್ಕೆ ಬಾಗಿತು. ಮೇಲೆ ಬಂತು. ಸಾಲದೇನೋ ಎಂದು, ಇನ್ನೊಂದು ಸಲ ಬಾಗಿತು.

“ಕಾಫಿಗೆ ಹೋಗಿದ್ದೆ ಅಂದ್ರಲ್ಲ ನಂಗೆ!” ಎಂದಳು ಹೆಂಡತಿ. ಅವಳ ಧ್ವನಿ ಕೋಣೆಗಿಂತ ದೊಡ್ಡದಾಗಿತ್ತು. “ನಾನು ಅವತ್ತು ಸ್ನಾನಕ್ಕೆ ಹೋದೆನಲ್ಲ ಅಂತ ಇವತ್ತಿಗೂ ನನ್ನನ್ನ ನಾನೇ ಹಳಿದುಕೊಳ್ತಿದ್ದೀನಿ. ದೇವರ ಮುಂದೆ ಕೂತು ಅತ್ತಿದ್ದೀನಿ. ನೀವು ಪಕ್ಕದಲ್ಲೇ ಕೂತು, ಅಳಬೇಡ, ಕಣ್ಣೀರಿನ ಗ್ರಂಥಿ ಎಲ್ಲಿದೆ ಗೊತ್ತಾ, ಅಂತ ಹೇಳಿಕೊಟ್ರಿ.”

ಮಗಳ ಮುಖ ಬಿರಿಯಲೂ ಇಲ್ಲ, ಬಿಗಿಯಲೂ ಇಲ್ಲ. ಬಹಳ ದಿನದಿಂದ ಹಿಡಿದುಕೊಂಡಿದ್ದ ಪಾತ್ರೆಯನ್ನು ಕೆಳಗಿಟ್ಟವಳ ಹಾಗೆ, ಕೈಯಲ್ಲಿ ಮಗು ಇದ್ದೂ, ಭುಜ ಇಳಿಬಿಟ್ಟು ನಿಂತಳು. ಅಷ್ಟರಲ್ಲಿ ಮಗುವಿಗೆ ಹಸಿವೆಯಾಗಿ ಅಳು ಶುರುವಾಯಿತು. ಅವಳು ಒಳಗೆ ಹೋದಳು. ಬಾಗಿಲು ಪೂರ್ತಿ ಮುಚ್ಚಲಿಲ್ಲ, ಪೂರ್ತಿ ತೆರೆದೂ ಇರಲಿಲ್ಲ. ಹೆಂಡತಿ ಗಂಡನ ಕಡೆ ನೋಡದೆ ಎದ್ದು, ಒಣಗಿದ ಬಟ್ಟೆಗಳನ್ನು ಮಡಿಸತೊಡಗಿದಳು. ಅಳಿಯ ಒಂದು ಲೋಟ ನೀರು ತಂದಿಟ್ಟು, ಕುಡಿಯುವ ಹಾಗಿಲ್ಲವೆಂದು ನೆನಪಾಗಿ, ವಾಪಸು ತೆಗೆದುಕೊಂಡು ಹೋದ.

ಇರಲೋ ಹೋಗಲೋ ಎಂದು ಕೇಳಲು ಮೇಷ್ಟ್ರಿಗೆ ಬಾಯಿರಲಿಲ್ಲ. ದವಡೆಯ ಆಳದಲ್ಲಿ, ದೂರದಲ್ಲಿ ಯಾರೋ ಬಾಗಿಲು ಬಡಿಯುತ್ತಿರುವಂತೆ, ನೋವು ಮೆಲ್ಲಗೆ ತನ್ನ ಜಾಗಕ್ಕೆ ಮರಳುತ್ತಿತ್ತು. ಮೊದಲು ಗಲ್ಲ ತಮ್ಮದಾಯಿತು, ಆಮೇಲೆ ತುಟಿ. ಅದರ ಹಿಂದೆಯೇ ಒಂದು ವಾಕ್ಯ ಬರುತ್ತದೆಂದು ಅವರು ಅಭ್ಯಾಸಬಲದಿಂದ ಕಾದರು. ಬರಲಿಲ್ಲ. ನೋವು ನೋವಾಗಿಯೇ ಬಂತು, ಎಲ್ಲ ಕಡೆಯೂ ತುಂಬಿತು. ಅಪ್ಪಾ ಎಂದು ಕೂಗಿದಾಗ ಅವಳಿಗೆ ಎಷ್ಟು ನೋವಾಗಿತ್ತೋ ತಮಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ ಎಂದು ಅನಿಸಿತು. ಇಷ್ಟು ಸಣ್ಣ ಸಂಗತಿ ತಿಳಿಯಲು ಇಷ್ಟು ಓದಬೇಕಾಗಿರಲಿಲ್ಲ. ಎದ್ದರು. ಹೆಂಡತಿ ಮಡಿಸುತ್ತಲೇ ಇದ್ದಳು. ಹೊಸ್ತಿಲ ಹತ್ತಿರ ಬಂದು, ಗೋಡೆಗೆ ಕೈ ಕೊಟ್ಟು, ಚಪ್ಪಲಿಗೆ ಒಂದು ಕಾಲು ತೂರಿಸಿದರು. ಅದು ಅಳಿಯನ ಚಪ್ಪಲಿ. ತೆಗೆದು, ತಮ್ಮದನ್ನು ಹುಡುಕುತ್ತಿದ್ದಾಗ ಒಳಕೋಣೆಯಿಂದ, ಮಗುವಿನ ಜೊಂಪು ಹಾರದಂತೆ ತಗ್ಗಿಸಿದ, ಆದರೆ ಮುಂಬಾಗಿಲಿಗೆ ಮುಟ್ಟುವಂತೆ ಒತ್ತಿ ಹೇಳಿದ ಮಾತು ಬಂತು:

“ಅಮ್ಮಾ, ಅಪ್ಪಂಗೆ ಹೇಳು, ಎದ್ದು ಹೋಗಬೇಡ ಅಂತ. ಇದು ಮಲಗಲಿ. ನಂಗಿನ್ನೂ ಬೈಯೋದಿದೆ.”

ಹೆಂಡತಿ ತಲೆ ಎತ್ತಿ ಮೇಷ್ಟ್ರನ್ನು ನೋಡಿದಳು. ಹೇಳುವ ಅಗತ್ಯ ಇರಲಿಲ್ಲ. ಅವರು ಬರಿಗಾಲಲ್ಲಿ ಹಿಂದಕ್ಕೆ ಬಂದರು. ಬೈಸಿಕೊಳ್ಳಲು ಅನುಕೂಲವಾಗುವಂತೆ ಕುರ್ಚಿಯನ್ನು ಒಳಕೋಣೆಯ ಬಾಗಿಲಿನ ಕಡೆಗೆ ತಿರುಗಿಸಿಕೊಂಡು, ಕೈಯೆರಡನ್ನೂ ಮಂಡಿಯ ಮೇಲಿಟ್ಟು ಕೂತರು.